ಹಿತ್ತಲ ಕೋಳಿಗೂಡಿನ ದುರಸ್ತಿ ಮತ್ತು ಐವತ್ತು ಅಡಿಯ ಜಾಲರಿ ಸುರುಳಿ

ನಮಸ್ಕಾರ. ನೀವು ನೋಡುತ್ತಿರುವುದು ಚಿತ್ರದುರ್ಗದ ನಮ್ಮ ಮನೆಯ ಹಿತ್ತಲು. ಕ್ಯಾಮೆರಾವನ್ನೇ ಕುಕ್ಕಲು ಬರುತ್ತಿರುವುದು ಗಿರಿರಾಜ ತಳಿಯ ಹೇಂಟೆ. ಹಳೆಯ ಬಾಗಿಲು ಬಿಚ್ಚುವುದು, ಮೊಳೆ ಕೀಳುವುದು, ಒಳಗಿನ ಕಸ ಬಾಚುವುದು ಇವೆಲ್ಲ ದೃಶ್ಯದಲ್ಲೇ ಇರುವುದರಿಂದ ಬಾಯಲ್ಲಿ ಮತ್ತೆ ಹೇಳುವುದಿಲ್ಲ. ಬಣ್ಣ ಬಳಿಯಿರಿ, ಚೆನ್ನಾಗಿ ಕಾಣುತ್ತದೆ ಎಂದು ಕೆಲವರು ಬರೆದಿದ್ದೀರಿ. ಕೋಳಿಗೆ ಬಣ್ಣದಿಂದ ಆಗಬೇಕಾದದ್ದು ಏನೂ ಇಲ್ಲ. ನನ್ನ ಕೈಯಲ್ಲಿರುವ ಹಣ ಮೊದಲು ಜಾಲರಿಗೆ, ಆಮೇಲೆ ಗಾಳಿಗೆ ಹೋಗಬೇಕು.

ಜಾಲರಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅಂಗಡಿಗಳಲ್ಲಿ ಕೋಳಿ ಜಾಲರಿ ಎಂದು ಕೊಡುವ, ಆರು ಮೂಲೆಯ ಕಣ್ಣುಗಳಿರುವ ತೆಳುತಂತಿಯ ಹೆಣಿಗೆ ಕೋಳಿಯನ್ನು ಒಳಗಿಡಲು ಸಾಕಾಗುತ್ತದೆಯೇ ಹೊರತು ಹೊರಗಿನವರನ್ನು ತಡೆಯಲು ಸಾಲುವುದಿಲ್ಲ. ಬೀದಿನಾಯಿ ಕಚ್ಚಿ ಜಗ್ಗಿದರೆ ಅದು ಹರಿಯುತ್ತದೆ. ಇಲಿಗೂ ಸಣ್ಣ ಹಾವಿಗೂ ಅದರ ಕಣ್ಣೇ ಬಾಗಿಲು. ಬೇಕಾದದ್ದು ತಂತಿ ಕೂಡುವಲ್ಲೆಲ್ಲ ಬೆಸುಗೆ ಹಾಕಿ ಸತುವಿನ ಲೇಪ ಕೊಟ್ಟ, ಅರ್ಧ ಇಂಚಿನ ಚೌಕ ಕಣ್ಣಿನ ವೆಲ್ಡ್ ಮೆಶ್. ನನಗೆ ಬೇಕಾಗಿದ್ದದ್ದು ಮೂರಡಿ ಅಗಲದ್ದು ಇಪ್ಪತ್ತು ಅಡಿ. ಅಂಗಡಿಯವರು ಬಿಡಿಯಾಗಿ ಕೊಂಡರೆ ಅಡಿಗೆ 90 ರೂಪಾಯಿ, ಐವತ್ತು ಅಡಿಯ ಪೂರ್ತಿ ಸುರುಳಿ ಕೊಂಡರೆ ಅಡಿಗೆ 60 ಎಂದರು. ಅಂದರೆ ಇಪ್ಪತ್ತು ಅಡಿಗೆ 1,800, ಐವತ್ತು ಅಡಿಗೆ 3,000. ಒಂದೇ ಮಾಲಿಗೆ ಇಷ್ಟು ಅಂತರವೇಕೆ ಎಂದು ಕೇಳಿದ್ದಕ್ಕೆ, "ಅಕ್ಕಾರೇ, ಸುರುಳಿ ಬಿಚ್ಚಿದ್ರೆ ಉಳಿದಿದ್ದು ಯಾರ್ ತಗೋತಾರೆ, ನೀವೇ ಹೇಳ್ರಿ" ಎಂದು ನನ್ನನ್ನೇ ನ್ಯಾಯಕ್ಕೆ ಕೂರಿಸಿದರು. ಬಿಚ್ಚಿದ ಸುರುಳಿಯೊಂದು ಅವರ ಬೆನ್ನ ಹಿಂದೆಯೇ ಗೋಡೆಗೆ ಒರಗಿ ನಿಂತಿತ್ತು! ಅದನ್ನು ತೋರಿಸಿದರೆ, ಅದು ಬೇರೆಯವರಿಗೆ ಎತ್ತಿಟ್ಟದ್ದು ಎಂಬ ಉತ್ತರ ಬಂತು. ಕತ್ತರಿಸಿಕೊಡುವ ಕೂಲಿ ಬೇರೆ, ಆಟೋ ಬಾಡಿಗೆ ಬೇರೆ. ಇಷ್ಟೆಲ್ಲ ಮಾತಾದ ಮೇಲೆ ಪೂರ್ತಿ ಸುರುಳಿಯನ್ನೇ ಹೊತ್ತು ತಂದೆ.

ಈಗ ತೆರೆಯ ಮೇಲೆ ನೆಲದಲ್ಲಿ ಹಾಸುತ್ತಿರುವುದು ಆ ಉಳಿಕೆಯ ಜಾಲರಿ. ಹೆಗ್ಗಣ, ಮುಂಗುಸಿ, ನಾಯಿ ಕೆರೆದು ನುಗ್ಗುವುದು ಗೋಡೆಯ ಬುಡದಿಂದಲೇ. ಆದ್ದರಿಂದ ಜಾಲರಿಯನ್ನು ಎರಡಡಿ ಆಳಕ್ಕೆ ಹೂಳಬೇಕು ಎಂದು ಹೇಳುವವರಿದ್ದಾರೆ. ಅವರು ನಮ್ಮ ಗೊರಚು ನೆಲಕ್ಕೆ ಒಮ್ಮೆ ಹಾರೆ ಹಾಕಿ ನೋಡಬೇಕು. ಹೂಳುವ ಬದಲು ಗೋಡೆಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಅಗಲಕ್ಕೆ ನೆಲದ ಮೇಲೆಯೇ ಮಲಗಿಸಿ, ಗೋಡೆಯ ಜಾಲರಿಗೆ ತಂತಿಯಿಂದ ಹೊಲಿದು, ಮೇಲೆ ಕಲ್ಲು ಹೇರಿದರೆ ಸಾಕು. ಬುಡದಲ್ಲಿ ಕೆರೆಯಲು ಬಂದ ಪ್ರಾಣಿಗೆ ಉಗುರಿಗೆ ತಂತಿ ಸಿಗುತ್ತದೆ; ಒಂದೂವರೆ ಅಡಿ ಹಿಂದೆ ಸರಿದು ಅಲ್ಲಿಂದ ತೋಡಬೇಕೆಂದು ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಕಲ್ಲಿಗಂತೂ ಚಿತ್ರದುರ್ಗದಲ್ಲಿ ಬರವಿಲ್ಲ. ಸುತ್ತಲೂ ಹೀಗೆ ಹಾಸುವಷ್ಟರಲ್ಲಿ ಸುರುಳಿ ಬಹುತೇಕ ಮುಗಿಯಿತು, ಆದ್ದರಿಂದ ಬಿಡಿ ಜಾಲರಿ ಕೊಳ್ಳಬೇಡಿ, ಸುರುಳಿಯನ್ನೇ ಕೊಳ್ಳಿ ಎಂದು ಈಗ ನಾನೇ ಹೇಳುತ್ತೇನೆ. ಅಂಗಡಿಯವರ ಮೇಲಿನ ಸಿಟ್ಟು ಮಾತ್ರ ಹಾಗೆಯೇ ಇರಲಿ.

ಇನ್ನು ಮಾಡು, ಅಂದರೆ ಚಾವಣಿ. ತಗಡಿನ ಮಾಡು ಕೋಳಿಗೆ ಶತ್ರು ಎಂದು ನನ್ನ ಖಚಿತ ಅಭಿಪ್ರಾಯ. ಕೋಳಿಯ ಮೈಯಲ್ಲಿ ಬೆವರಿನ ಗ್ರಂಥಿಗಳಿಲ್ಲ, ಅದರ ಮೈಯ ಶಾಖವೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ಬಾಯಿ ತೆರೆದು ಏದುಸಿರು ಬಿಡುವುದು, ರೆಕ್ಕೆ ಅಗಲಿಸುವುದು ಬಿಟ್ಟರೆ ತಣಿಯಲು ಅದಕ್ಕೆ ಹೆಚ್ಚಿನ ದಾರಿಗಳಿಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕಾದ ತಗಡಿನ ಕೆಳಗೆ ಅದನ್ನು ಕೂಡಿಹಾಕುವುದು ಹೆಂಚಿನ ಮೇಲೆ ರೊಟ್ಟಿ ಹಾಕಿದಂತೆ. ಆದರೂ, ನೋಡುತ್ತಿದ್ದೀರಲ್ಲ, ತಗಡನ್ನು ನಾನು ತೆಗೆದಿಲ್ಲ. ಬರೀ ಸೋಗೆಯ ಮಾಡಿನಲ್ಲಿ ಇಲಿಯೂ ಉಣ್ಣೆಯೂ ಮನೆ ಮಾಡುತ್ತವೆ, ಮಳೆಗೆ ಸೋರುತ್ತದೆ. ಆದ್ದರಿಂದ ತಗಡು ಇರಲಿ. ಅದರ ಮೇಲೆ ಗೇಣುದ್ದ ಅಂತರ ಬಿಟ್ಟು ತೆಂಗಿನ ಸೋಗೆಯ ಚಪ್ಪರ ಹಾಕಿದ್ದೇನೆ, ನಡುವೆ ಗಾಳಿ ಹರಿದಾಡುತ್ತದೆ. ಬೇಸಿಗೆ ಕಳೆದ ಮೇಲೆ ಸೋಗೆಯನ್ನು ಇಳಿಸಿಬಿಡಬಹುದು.

ಮಾಡಿಗೂ ಗೋಡೆಗೂ ನಡುವೆ ತೆರೆದು ಜಾಲರಿ ಬಡಿದಿರುವ ಪಟ್ಟಿ ಕಾಣುತ್ತಿದೆಯಲ್ಲ, ಈ ದುರಸ್ತಿಯಲ್ಲಿ ಅತ್ಯಂತ ಮುಖ್ಯವಾದದ್ದು ಅದು. ಹಿಕ್ಕೆಯಿಂದ ಏಳುವ ಅಮೋನಿಯ ಒಳಗೇ ನಿಂತರೆ ಕೋಳಿಗಳ ಕಣ್ಣು ಉರಿದು ಉಸಿರಾಟದ ತೊಂದರೆ ಶುರುವಾಗುತ್ತದೆ. ಗಾಳಿ ಆಡುವ ಕಿಂಡಿ ಮಲಗಿದ ಕೋಳಿಗಳ ತಲೆಗಿಂತ ಮೇಲಿದ್ದರೆ ಕೆಟ್ಟ ಗಾಳಿ ಹೊರಹೋಗುತ್ತದೆ, ಚಳಿಗಾಳಿ ನೇರವಾಗಿ ಮೈಗೆ ಬಡಿಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ನಿಮ್ಮ ಮೂಗಿಗೆ ಘಾಟು ಬಡಿದರೆ ಕಿಂಡಿ ಸಾಲದು ಎಂದೇ ತಿಳಿಯಿರಿ. ಹೊಸದಾಗಿ ಕಟ್ಟುವವರು ಗೂಡಿನ ಉದ್ದವನ್ನು ಪೂರ್ವ ಪಶ್ಚಿಮವಾಗಿ ಇಡಿ, ಬಿಸಿಲು ಒಳಗೆ ಕಡಿಮೆ ಬೀಳುತ್ತದೆ. ಹಿನ್ನೆಲೆಯಲ್ಲಿ ಜೋಗಿಮಟ್ಟಿ ಸಾಲಿನ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳನ್ನು ನೋಡಿ. ಊರಿಗೆ ಬಂದ ನೆಂಟರಿಗೆ ಕೋಟೆ ತೋರಿಸಿದ ಮೇಲೆ ನಾವು ತೋರಿಸುವುದು ಅವನ್ನೇ. ಅವು ಸುಮ್ಮನೆ ಅಲ್ಲಿ ನಿಂತಿಲ್ಲ. ಮುಂಗಾರಿನಲ್ಲಿ ಪಡುವಣ ಗಾಳಿ ಇಲ್ಲಿ ಜೋರಾಗಿಯೇ ಬೀಸುತ್ತದೆ, ಅದಕ್ಕಾಗಿ ಪಶ್ಚಿಮದ ಬದಿಗೆ ಕೆಳಗಿನಿಂದ ಮೇಲಕ್ಕೆ ಎಳೆದು ಕಟ್ಟುವ ಗೋಣಿಪರದೆ. ದೃಶ್ಯ ಮುಗಿಯುತ್ತಿದೆ, ಮುಂದಕ್ಕೆ ಹೋಗೋಣ.

ಕೂರುವ ಅಡ್ಡಗೋಲುಗಳು. ಎರಡು ಇಂಚು ಅಗಲದ ರೀಪು, ಅಂಚುಗಳನ್ನು ಉಜ್ಜಿ ನುಣುಪು ಮಾಡಿದ್ದೇನೆ. ಎಲ್ಲವನ್ನೂ ಒಂದೇ ಎತ್ತರಕ್ಕೆ ಹಾಕದಿದ್ದರೆ ಮೇಲಿನ ಗೋಲಿಗಾಗಿ ದಿನಾ ಸಂಜೆ ಜಗಳ. ಗಿರಿರಾಜ ಭಾರದ ತಳಿ, ಎತ್ತರದಿಂದ ಧುಮುಕಿದರೆ ಕಾಲು ಕೆಡುತ್ತದೆ, ಆದ್ದರಿಂದ ಎರಡಡಿಗಿಂತ ಮೇಲೆ ಬೇಡ. ಮೊಟ್ಟೆಯ ಪೆಟ್ಟಿಗೆ ಮಾತ್ರ ಗೋಲಿಗಿಂತ ಕೆಳಗಿರಲಿ, ಇಲ್ಲದಿದ್ದರೆ ಅದರಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ನಾಲ್ಕೈದು ಹೇಂಟೆಗಳಿಗೆ ಅಡಿ ಚೌಕದ ಒಂದು ಪೆಟ್ಟಿಗೆ ಸಾಕು.

ನೆಲಕ್ಕೆ ಹಾಸುತ್ತಿರುವುದು ಶೇಂಗಾ ಸಿಪ್ಪೆ. ಚಳ್ಳಕೆರೆಯ ಕಡೆ ಎಣ್ಣೆ ಗಿರಣಿಗಳಿರುವುದರಿಂದ ನಮಗೆ ಇದು ಸುಲಭ. ದಾವಣಗೆರೆಯ ಭದ್ರಾ ನಾಲೆಯ ಕಡೆಯವರು ಭತ್ತದ ಹೊಟ್ಟು ಹಾಕಿಕೊಳ್ಳಬಹುದು. ಯಾವುದೇ ಇರಲಿ, ಕೈಯಲ್ಲಿ ಹಿಡಿದು ಮೂಸಿ ನೋಡಿ ತನ್ನಿ. ಈ ಚೀಲದ ತಳದಲ್ಲಿ ಬೂದುಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿರುವ ಸಿಪ್ಪೆ ಇದೆಯಲ್ಲ, ಅದು ಬೂಷ್ಟು. ಅದರ ಧೂಳು ಕೋಳಿಯ ಶ್ವಾಸಕೋಶಕ್ಕೆ ಇಳಿದರೆ ರೋಗ ತಪ್ಪದು. ಅಷ್ಟನ್ನು ತಿಪ್ಪೆಗೆ ಸುರಿಯುತ್ತಿದ್ದೇನೆ. ಮೂಲೆಯ ಬಾಣಲೆಯಲ್ಲಿರುವುದು ಒಲೆಯ ಬೂದಿ ಬೆರೆಸಿದ ಒಣಮಣ್ಣು, ಹೊರಳಾಡಿ ಹೇನು ಉದುರಿಸಿಕೊಳ್ಳಲು.

ಕೊನೆಗೆ ಚಿಲಕ. ಬರೀ ಕೊಕ್ಕೆಯನ್ನು ಬೆಕ್ಕು ಮೂತಿಯಿಂದಲೇ ಎತ್ತುತ್ತದೆ, ಹಾಗಾಗಿ ಕೆಳಗೊಂದು, ಮೇಲೊಂದು ಅಗಳಿ ಹಾಕಿದ್ದೇನೆ. ಮೇಲಿನದು ಬಿಗಿಯಾಗಿದೆ, ಎಣ್ಣೆ ಬಿಡಬೇಕು. ಕ್ಯಾಮೆರಾ ಹಿಡಿಯುವವರು ಯಾರೂ ಇಲ್ಲದ್ದರಿಂದ ಅದನ್ನು ರೆಕಾರ್ಡ್ ಮಾಡಿಲ್ಲ.