ಹೆಸರು ಬರೆಸದ ಮುಷ್ಕರಗಾರರು

ಕೇಳುಗರಿಗೆ ನಮಸ್ಕಾರ.

1922ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಸುತ್ತಲಿನ ಚಿನ್ನದ ಗಣಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ಹೂಡಿದವರು ಬಿಳಿಯ ಕಾರ್ಮಿಕರು. ಅವರು ಮಾಡುತ್ತಿದ್ದ ಕೆಲವು ಕೆಲಸಗಳನ್ನು ಕಡಿಮೆ ಕೂಲಿಗೆ ಆಫ್ರಿಕನ್ನರಿಂದ ಮಾಡಿಸಲು ಮಾಲೀಕರು ಹೊರಟಿದ್ದರು. ಮೆರವಣಿಗೆಯ ಬ್ಯಾನರಿನಲ್ಲಿ ಏನಿತ್ತು ಗೊತ್ತೇ? ಲೋಕದ ಕಾರ್ಮಿಕರೆಲ್ಲ ಒಂದಾಗಿ, ಬಿಳಿಯರ ದಕ್ಷಿಣ ಆಫ್ರಿಕಾಕ್ಕಾಗಿ ಹೋರಾಡಿ ಎಂದು. ಸರ್ಕಾರ ಸೈನ್ಯ ಕಳಿಸಿತು, ವಿಮಾನದಿಂದ ಬಾಂಬು ಹಾಕಿಸಿತು. ಸುಮಾರು 200 ಜನ ಸತ್ತರು.

ಆ ದೇಶದ ಕಾರ್ಮಿಕ ಸಂಘಗಳ ಚರಿತ್ರೆ ಹುಡುಕುವವರು ಈ ಬ್ಯಾನರನ್ನು ಮರೆಯುವಂತಿಲ್ಲ. ಗುಂಡಿಗೆ ಎದೆ ಕೊಟ್ಟವರೇ ಪಕ್ಕದಲ್ಲಿ ದುಡಿಯುವವನನ್ನು ಹೊರಗಿಡಲು ಹೋರಾಡಿದರು. ಎರಡನ್ನೂ ಬರೆಯಬೇಕು.

ಎರಡು ವರ್ಷಗಳ ನಂತರ, 1924ರಲ್ಲಿ, ಒಂದು ಕಾನೂನು ಬಂತು. ಸಂಘಗಳು ನೋಂದಣಿ ಮಾಡಿಸಬಹುದು, ಮಾಲೀಕರ ಜೊತೆ ಕೂತು ಕೂಲಿಯ ಮಾತಾಡಬಹುದು. ಆದರೆ ಪಾಸ್ ಎಂಬ ಪರವಾನಗಿ ಪತ್ರ ಇಟ್ಟುಕೊಂಡು ಓಡಾಡಬೇಕಿದ್ದ ಆಫ್ರಿಕನ್ ಗಂಡಸರನ್ನು ಈ ಕಾನೂನು ಕಾರ್ಮಿಕರ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1956ರ ಕಾನೂನು ಇನ್ನೂ ಮುಂದೆ ಹೋಯಿತು. ಬಿಳಿಯರು, ಭಾರತೀಯರು, ಮಿಶ್ರ ಮೂಲದವರು ಒಟ್ಟಿಗೆ ಇದ್ದ ಸಂಘಗಳೂ ಬೇರೆ ಬೇರೆ ಶಾಖೆ ಮಾಡಿಕೊಳ್ಳಬೇಕಾಯಿತು. ಆಡಳಿತ ಸಮಿತಿಯಲ್ಲಿ ಬಿಳಿಯರು ಮಾತ್ರ ಕೂರಬಹುದಿತ್ತು.

ಇದರ ಪೆಟ್ಟು ಸಂಶೋಧಕರಿಗೆ ಇವತ್ತಿಗೂ ತಟ್ಟುತ್ತದೆ. ನೋಂದಾಯಿತ ಸಂಘಗಳ ಸಭೆಯ ನಡಾವಳಿ, ಚಂದಾ ಲೆಕ್ಕ, ಒಪ್ಪಂದದ ಪ್ರತಿ ಎಲ್ಲ ಜೋಪಾನವಾಗಿ ಉಳಿದವು. ಆಫ್ರಿಕನ್ನರ ಸಂಘಗಳು ಎಷ್ಟೋ ಕಡೆ ಸಿಗುವುದು ಪೊಲೀಸ್ ವರದಿಯಲ್ಲಿ, ಕೋರ್ಟಿನ ಕಡತದಲ್ಲಿ. 1946ರ ಆಗಸ್ಟ್‌ನಲ್ಲಿ 60,000ಕ್ಕೂ ಹೆಚ್ಚು ಆಫ್ರಿಕನ್ ಗಣಿ ಕಾರ್ಮಿಕರು ದಿನಕ್ಕೆ 10 ಷಿಲಿಂಗ್ ಕೂಲಿ ಕೇಳಿ ಕೆಲಸ ನಿಲ್ಲಿಸಿದರು. ಆ ಕಾರ್ಮಿಕರ ಸಂಘಕ್ಕೆ ಜೆ. ಬಿ. ಮಾರ್ಕ್ಸ್ ಅಧ್ಯಕ್ಷ. ಪೊಲೀಸರು ಬಡಿದು ಕಾರ್ಮಿಕರನ್ನು ಮತ್ತೆ ಗಣಿಗೆ ಇಳಿಸಿದರು. ಬಡಿದವರೇ ಬರೆದಿಟ್ಟ ಕಾಗದ ಓದಿ, ಪೆಟ್ಟು ತಿಂದವರ ಮನಸ್ಸು ತಿಳಿಯಬೇಕು. ಕಷ್ಟದ ಕೆಲಸ, ಅಲ್ವಾ?

ಈಗ ದೇಶದ ಪೂರ್ವ ಕರಾವಳಿಯ ಬಂದರು ಪಟ್ಟಣ ಡರ್ಬನ್ನಿಗೆ ಬರೋಣ. 1860ರಿಂದ 1911ರವರೆಗೆ ಭಾರತದಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಗಿರ್ಮಿಟ್ ಕೂಲಿಗಳಾಗಿ, ಅಂದರೆ ಇಷ್ಟು ವರ್ಷ ದುಡಿಯುತ್ತೇವೆಂದು ಕರಾರು ಬರೆದುಕೊಟ್ಟು, ಈ ಸೀಮೆಗೆ ಬಂದರು. ಜಾಸ್ತಿ ಜನ ಹಡಗು ಹತ್ತಿದ್ದು ಮದ್ರಾಸಿನಲ್ಲಿ. ಅವರ ಮಕ್ಕಳು, ಮೊಮ್ಮಕ್ಕಳು ಮುಂದೆ ಕಾರ್ಖಾನೆ ಸೇರಿದರು. ಎಚ್. ಎ. ನಾಯ್ಡು, ಜಾರ್ಜ್ ಪೊನ್ನೆನ್ ಅಂಥವರು 1930ರ ದಶಕದಲ್ಲಿ ಸಂಘ ಕಟ್ಟಿದರು. ಇನ್ನೊಬ್ಬ ಸಂಘದ ನಾಯಕ ಬಿಲ್ಲಿ ನಾಯರ್ 20 ವರ್ಷ ರಾಬೆನ್ ದ್ವೀಪದ ಜೈಲಿನಲ್ಲಿ ಕಳೆದರು. ಆದರೆ 1949ರ ಜನವರಿಯಲ್ಲಿ ಇದೇ ಊರಿನಲ್ಲಿ ಆಫ್ರಿಕನ್ನರಿಗೂ ಭಾರತೀಯರಿಗೂ ನಡುವೆ ಗಲಭೆಯಾಗಿ 142 ಜನ ಸತ್ತರು. ಹೋರಾಟದ ಕಥೆ ಹೇಳುವಾಗ ಈ ಪುಟವನ್ನು ಹಾರಿಸಿಬಿಡುವ ಅಭ್ಯಾಸವಿದೆ. ಅದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

1973ರ ಜನವರಿ 9. ಡರ್ಬನ್ನಿನ ಕಾರೊನೇಷನ್ ಇಟ್ಟಿಗೆ ಕಾರ್ಖಾನೆಯ ಸುಮಾರು 2,000 ಆಫ್ರಿಕನ್ ಕಾರ್ಮಿಕರು ಕೆಲಸಕ್ಕೆ ಹೋಗದೆ ಫುಟ್‌ಬಾಲ್ ಮೈದಾನದಲ್ಲಿ ಸೇರಿದರು. ವಾರದ ಕೂಲಿ 9 ರ‍್ಯಾಂಡಿನ ಆಸುಪಾಸು. ಅದು ದುಪ್ಪಟ್ಟಿಗೂ ಜಾಸ್ತಿ ಆಗಬೇಕು ಎಂದು ಕೇಳಿದರು. ನಿಮ್ಮ ಪರವಾಗಿ ಮಾತಾಡಲು ಒಂದು ಸಮಿತಿ ಆರಿಸಿ ಎಂದರು ಮಾಲೀಕರು. ಕಾರ್ಮಿಕರು ಒಪ್ಪಲಿಲ್ಲ. ಮುಂದೆ ಬಂದು ನಿಂತವನನ್ನೇ ಮೊದಲು ಕೆಲಸದಿಂದ ತೆಗೆಯುತ್ತಾರೆ, ಜೈಲಿಗೂ ಹಾಕುತ್ತಾರೆ. ಅದು ಎಲ್ಲರಿಗೂ ಗೊತ್ತಿತ್ತು. ಮೂರು ತಿಂಗಳಲ್ಲಿ ಊರಿನ ಕಾರ್ಖಾನೆಗಳಿಂದ 60,000ಕ್ಕೂ ಹೆಚ್ಚು ಜನ ಹೀಗೆ ಹೊರಬಂದರು. 1979ರಲ್ಲಿ ಸರ್ಕಾರ ಆಫ್ರಿಕನ್ನರ ಸಂಘಗಳಿಗೆ ಕಾನೂನಿನ ಬಾಗಿಲು ತೆರೆಯಲು ಈ ಮುಷ್ಕರಗಳು ದೊಡ್ಡ ಕಾರಣ. 1985ರಲ್ಲಿ ಇದೇ ಡರ್ಬನ್ನಿನಲ್ಲಿ ಕೊಸಾಟು ಎಂಬ, ಕಾರ್ಮಿಕ ಸಂಘಗಳ ದೊಡ್ಡ ಒಕ್ಕೂಟ ಹುಟ್ಟಿತು. ಅದರ ಮೊದಲ ಪ್ರಧಾನ ಕಾರ್ಯದರ್ಶಿ ಜಯ್ ನಾಯ್ಡು.

ಈಗ ಯೋಚಿಸಿ. 1973ರ ಮುಷ್ಕರದ ನಾಯಕರ ಹೆಸರು ಕಡತದಲ್ಲಿ ಇಲ್ಲ. ಯಾರೋ ಬರೆಯಲು ಮರೆತದ್ದಲ್ಲ. ಕಾರ್ಮಿಕರೇ ಬೇಕೆಂದು ಬರೆಸಲಿಲ್ಲ. ಇಂಥ ಕಡೆ ಕಾಗದ ಮಾತ್ರ ಹಿಡಿದು ಕೂತರೆ, ಮುಷ್ಕರ ಸುಮ್ನೆ ತಾನಾಗಿ ಎದ್ದಿತು ಅನ್ನಿಸಿಬಿಡುತ್ತದೆ. ಕಾರ್ಮಿಕರ ಹಾಸ್ಟೆಲ್‌ಗಳಲ್ಲಿ, ಬಸ್ಸಿನಲ್ಲಿ, ರೈಲಿನಲ್ಲಿ ನಡೆದ ಮಾತುಕತೆ ಯಾವ ಕಡತದಲ್ಲಿ ಸಿಕ್ಕೀತು? ಅದನ್ನು ಬಾಯಿಂದಲೇ ಕೇಳಬೇಕು, ಅದೂ ಅವರ ಜುಲು ಭಾಷೆಯಲ್ಲಿ. ಜೋಹಾನ್ಸ್‌ಬರ್ಗಿನ ವಿಟ್ಸ್ ವಿಶ್ವವಿದ್ಯಾಲಯದಲ್ಲಿ ಸಂಘಗಳ ದಾಖಲೆಗಳಿವೆ. ಡರ್ಬನ್ನಿನ ಗಾಂಧಿ-ಲುಥುಲಿ ಕೇಂದ್ರದಲ್ಲಿ ಹೋರಾಟಗಾರರ ಸಂದರ್ಶನಗಳಿವೆ. ಅವಷ್ಟೇ ಸಾಲವು. 1973ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಉಳಿದವರನ್ನು ಈಗಲೇ ಹುಡುಕಿ ಮಾತಾಡಿಸಬೇಕು.

ಅವರಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. 1973ರಲ್ಲಿ ಬಟ್ಟೆ ಗಿರಣಿಗಳಲ್ಲಿ ಆಫ್ರಿಕನ್ನರು ಕೆಲಸ ನಿಲ್ಲಿಸಿದಾಗ ಭಾರತೀಯ ಮೂಲದವರೂ ಜೊತೆಗೆ ಹೊರಬಂದರು. ತಮ್ಮ ಹೊಟ್ಟೆಪಾಡೂ ಅದೇ ಎಂದು ಬಂದರೋ, 1949ರ ನೆನಪಿನ ಹೆದರಿಕೆಯಿಂದ ಬಂದರೋ, ಅಥವಾ ಎರಡೂ ಇತ್ತೋ?