ನಾಳೆ ಓಟು, ಬೂತ್ ಯಾವುದು?

ನಮಸ್ಕಾರ ಕೇಳುಗರಿಗೆ.

ಚುನಾವಣೆ ಹತ್ತಿರ ಬಂದರೆ ಸಾಕು, ನಮ್ಮ ಫೋನಿಗೆ ಪುರುಸೊತ್ತೇ ಇರುವುದಿಲ್ಲ. ಬೆಳಿಗ್ಗೆ ಒಂದು ಮೆಸೇಜು, ಮಧ್ಯಾಹ್ನ ರೊಟ್ಟಿಗೆ ಕೈ ಹಾಕಿದಾಗ ಇನ್ನೊಂದು, ರಾತ್ರಿ ಮಲಗುವ ಹೊತ್ತಿಗೆ ನಾಯಕರದ್ದೇ ದನಿಯಲ್ಲಿ ರೆಕಾರ್ಡ್ ಮಾಡಿದ ಕರೆ. ನಮ್ಮ ಅಭ್ಯರ್ಥಿ ಹೀಗೆ, ನಮ್ಮ ಚಿಹ್ನೆ ಇದು, ನಿಮ್ಮ ಅಮೂಲ್ಯ ಮತ ನಮಗೇ. ಓದದೆ ಅಳಿಸಿಬಿಡುತ್ತೇವೆ, ಅಲ್ವಾ? ಇಷ್ಟೊಂದು ದುಡ್ಡು ಸುರಿದು ಕಳಿಸುವ ಮೆಸೇಜಿನಿಂದ ಒಬ್ಬನಾದರೂ ಕುರ್ಚಿಯಿಂದ ಎದ್ದು ಓಟು ಹಾಕಲು ಹೋಗುತ್ತಾನಾ?

ಹೋಗುತ್ತಾನೆ. ಆದರೆ ಈ ನಮೂನೆ ಮೆಸೇಜಿಗೆ ಎದ್ದು ಹೋಗುವವರು ಕಡಿಮೆ.

ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2006ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಚುನಾವಣೆ ಇತ್ತು. ಅಲಿಸನ್ ಡೇಲ್ ಮತ್ತು ಆರನ್ ಸ್ಟ್ರಾಸ್ ಅನ್ನುವ ಇಬ್ಬರು ಸಂಶೋಧಕರು ಸುಮಾರು 8,000 ಜನರ ಮೊಬೈಲ್ ನಂಬರು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮತದಾನದ ಹಿಂದಿನ ದಿನ ಚಿಕ್ಕದೊಂದು ಮೆಸೇಜ್ ಹೋಯಿತು: ನಾಳೆ ಚುನಾವಣೆ, ಮರೆಯಬೇಡಿ. ಇನ್ನೊಂದು ಗುಂಪಿಗೆ ಏನೂ ಇಲ್ಲ. ಆಮೇಲೆ ಯಾರು ಓಟು ಹಾಕಿದರು ಅಂತ ಸರ್ಕಾರಿ ದಾಖಲೆ ತೆಗೆದು ತಾಳೆ ನೋಡಿದರು. ಮೆಸೇಜ್ ಹೋದವರಲ್ಲಿ ಮತದಾನ ಸುಮಾರು 3 ಪರ್ಸೆಂಟ್ ಜಾಸ್ತಿ. ಕಿರಿಕಿರಿ ಆಯಿತಾ ಅಂತಲೂ ಕೇಳಿದರು. ಉಪಯೋಗ ಆಯಿತು ಅಂದವರು ನೂರಕ್ಕೆ 59, ಕಾಟ ಅನ್ನಿಸಿತು ಅಂದವರು 23. ಉಪದೇಶ ಇಲ್ಲ, ಘೋಷಣೆ ಇಲ್ಲ, ಬರೀ ನೆನಪು ಮಾಡಿದ್ದಕ್ಕೆ ಇಷ್ಟು.

3 ಅಂದರೆ ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ವಾರ್ಡಿನ ಚುನಾವಣೆಯಲ್ಲಿ ನಿಂತು ಗೆದ್ದವರನ್ನು, ಅದಕ್ಕಿಂತ ಸೋತವರನ್ನು, ಒಮ್ಮೆ ಕೇಳಿ ನೋಡಿ.

ಆದರೆ ಇಲ್ಲಿ ಒಂದು ಕೊಕ್ಕೆ ಇದೆ. ಆ 8,000 ಜನ ಆಗಷ್ಟೇ ತಾವಾಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡವರು, ತಮ್ಮ ಕೈಯಾರೆ ನಂಬರು ಕೊಟ್ಟವರು. ಅಂದರೆ ಓಟು ಹಾಕುವ ಮನಸ್ಸು ಮೊದಲೇ ಇತ್ತು, ಕೆಲಸದ ಗಡಿಬಿಡಿಯಲ್ಲಿ ಮರೆತು ಹೋಗುವುದನ್ನು ಮೆಸೇಜ್ ತಪ್ಪಿಸಿತು. 2009 ಮತ್ತು 2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಅನ್ನುವ ಜಿಲ್ಲೆಯಲ್ಲಿ ಇದೇ ಪ್ರಯೋಗ ಮಾಡಿದಾಗ ಹೆಚ್ಚಾಗಿದ್ದು 1 ಪರ್ಸೆಂಟಿಗೂ ಕಡಿಮೆ. 2013ರಲ್ಲಿ ಡೆನ್ಮಾರ್ಕ್‌ನ ಸ್ಥಳೀಯ ಚುನಾವಣೆಯಲ್ಲಿ ನೋಡಿದಾಗಲೂ 2 ದಾಟಲಿಲ್ಲ. ಹಾಗಾಗಿ ಮೆಸೇಜಿಗೆ ಮಾಯಾಮಂತ್ರದ ಶಕ್ತಿ ಇದೆ ಅಂತ ಯಾರಾದರೂ ಪ್ಯಾಕೇಜ್ ಮಾರಲು ಬಂದರೆ, ಅಭ್ಯರ್ಥಿಗಳೇ, ಸ್ವಲ್ಪ ಹುಷಾರು. ಓಟೇ ಬೇಡ ಅನ್ನುವವನ ಮನಸ್ಸನ್ನು ಅದು ತಿರುಗಿಸುವುದಿಲ್ಲ. ಹೋಗಬೇಕು ಅಂದುಕೊಂಡವನನ್ನು ಎಬ್ಬಿಸುತ್ತದೆ, ಅಷ್ಟೇ.

ಸ್ಯಾನ್ ಮಟೇಯೊದಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಜನ ಅಷ್ಟಾಗಿ ತಲೆ ಕೆಡಿಸಿಕೊಳ್ಳದ ಸಣ್ಣ ಚುನಾವಣೆಯಲ್ಲಿ ಮೆಸೇಜ್ ಕೆಲಸ ಮಾಡಿದ್ದು ಓಟು ಹಾಕುವ ರೂಢಿ ಇರುವವರ ಮೇಲೆ. ದೊಡ್ಡ ಚುನಾವಣೆಯಲ್ಲಿ, ಅಪರೂಪಕ್ಕೆ ಹಾಕುವವರ ಮೇಲೆ. ಇದನ್ನು ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ತಂದು ನೋಡಿ. 2021ರ ಸೆಪ್ಟೆಂಬರ್ 3ರಂದು ಮಹಾನಗರ ಪಾಲಿಕೆಯ 82 ವಾರ್ಡಿಗೆ ಮತದಾನ ಆಯಿತು, ಬಂದವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 2024ರ ಮೇ 7ರಂದು ಲೋಕಸಭೆಗೆ ಮತದಾನ ಆದಾಗ ಧಾರವಾಡ ಕ್ಷೇತ್ರದಲ್ಲಿ ಮುಕ್ಕಾಲು ಭಾಗದ ಹತ್ತಿರ. ಗಟಾರ, ನಲ್ಲಿ ನೀರು, ಬೀದಿ ದೀಪ, ಎಲ್ಲಾ ಪಾಲಿಕೆಯ ಕೈಯಲ್ಲಿದೆ, ಆದರೂ ನಮಗೆ ದಿಲ್ಲಿ ಓಟೇ ದೊಡ್ಡದು! ಪಾಲಿಕೆ ಚುನಾವಣೆಯಲ್ಲಿ ಮೆಸೇಜ್ ಹೋಗಬೇಕಾದ್ದು ಲೋಕಸಭೆಗೆ ತಪ್ಪದೇ ಹಾಕಿ, ವಾರ್ಡ್ ಓಟನ್ನು ಮರೆತುಬಿಡುವವರಿಗೆ ಅಂತ ನನಗೆ ಅನ್ನಿಸುತ್ತದೆ. ಪಕ್ಷದವರು ಪಟ್ಟಿ ಹಿಡಿದು ಎಲ್ಲರಿಗೂ ಒಂದೇ ಮೆಸೇಜ್ ತೂರುತ್ತಾರೆ.

ಹಳ್ಳಿ ಕಡೆ ಕಥೆ ಬೇರೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿಯಲ್ಲಿ 2024ರ ನವೆಂಬರ್ 13ರಂದು ಉಪಚುನಾವಣೆ ಆದಾಗ ಮತದಾನ ನೂರಕ್ಕೆ 80ರ ಆಸುಪಾಸಿನಲ್ಲಿತ್ತು. ಅಲ್ಲಿ ಕಾರ್ಯಕರ್ತರು ಕಟ್ಟೆಗೆ ಬಂದು ಕೂರುತ್ತಾರೆ, ಮನೆ ಬಾಗಿಲಿಗೆ ಬಂದು ಹೆಸರು ಹಿಡಿದು ಕರೆಯುತ್ತಾರೆ. ಅದರ ಮುಂದೆ ಮೆಸೇಜ್ ಯಾವ ಲೆಕ್ಕ?

ಈಗ ಮೆಸೇಜಿನಲ್ಲಿ ಏನು ಬರೆಯಬೇಕು ಅನ್ನುವ ಮಾತಿಗೆ ಬರೋಣ. ಮತದಾನದ ದಿನ ಹುಬ್ಬಳ್ಳಿಯ ಯಾವುದಾದರೂ ದೊಡ್ಡ ಶಾಲೆಯ ಗೇಟಿನ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಒಂದೇ ಕಟ್ಟಡದಲ್ಲಿ ನಾಲ್ಕೈದು ಬೂತ್ ಇರುತ್ತವೆ. ವಯಸ್ಸಾದವರು ಸೆರಗು ತಲೆ ಮೇಲೆ ಎಳೆದುಕೊಂಡು ಈ ಕೊಠಡಿಯ ಸಾಲಿನಲ್ಲಿ ಅರ್ಧ ತಾಸು ನಿಂತು, ಒಳಗೆ ಹೋದ ಮೇಲೆ, "ಅಮ್ಮಾ, ನಿಮ್ದು ಇಲ್ಲಲ್ಲ, ಆ ಕಡೆ" ಅಂತ ಹೇಳಿಸಿಕೊಂಡು ಹೊರಗೆ ಬರುತ್ತಾರೆ. "ಎಲ್ಲೈತ್ರಿ ನಮ್ಮ ಬೂತ್?" ಅಂತ ಕೇಳುತ್ತಾ ಹೋದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ. ಮೇ ತಿಂಗಳ ಬಿಸಿಲು ಬೇರೆ. ಕೆಲವರು ಹಾಗೇ ಮನೆ ದಾರಿ ಹಿಡಿಯುತ್ತಾರೆ. ಇವರಿಗೆ ಓಟಿನ ಮಹತ್ವ ಯಾರೂ ಹೇಳಿಕೊಡಬೇಕಾಗಿಲ್ಲ. ಬೂತ್ ನಂಬರು, ಕೊಠಡಿ, ಪಟ್ಟಿಯಲ್ಲಿ ತಮ್ಮ ಕ್ರಮಸಂಖ್ಯೆ, ಇಷ್ಟು ಗೊತ್ತಾದರೆ ಕೆಲಸ ಮುಗಿಯಿತು. ಹೊರಗೆ ಪಕ್ಷದವರ ಟೇಬಲ್ಲಿನ ಮುಂದೆ ಚೀಟಿಗಾಗಿ ಅಷ್ಟೊಂದು ಜನ ಮುಗಿಬೀಳುವುದು ಇದಕ್ಕೇ.

ಕನ್ನಡದಲ್ಲಿ ಮೆಸೇಜ್ ಬರೆಯುವವರಿಗೆ ಒಂದು ಲೆಕ್ಕ ಗೊತ್ತಿರಬೇಕು. ಇಂಗ್ಲಿಷಿನಲ್ಲಿ ಒಂದು ಎಸ್ಎಂಎಸ್ಸಿಗೆ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಗುಣಿತದ ಗುರುತು ಎಲ್ಲಾ ಬೇರೆ ಬೇರೆ ಎಣಿಕೆ. ಹುಬ್ಬಳ್ಳಿ ಅಂತ ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ, ಫೋನಿನ ಲೆಕ್ಕದಲ್ಲಿ 9. 70 ದಾಟಿದರೆ ಎರಡು ಮೆಸೇಜಿನ ದುಡ್ಡು. "ಪ್ರಜಾಪ್ರಭುತ್ವದ ಹಬ್ಬದಲ್ಲಿ ಪಾಲ್ಗೊಳ್ಳಿ" ಅಂತ ಬರೆದರೆ ಸರಿಯಾಗಿ 35, ಅರ್ಧ ಜಾಗ ಅಲ್ಲೇ ಮುಗಿಯಿತು. ಅದರ ಬದಲು ಹೀಗೆ ಬರೆಯಿರಿ: "ನಾಳೆ ಮತದಾನ. ಬೆಳಿಗ್ಗೆ 7ರಿಂದ ಸಂಜೆ 6. ಬೂತ್ 112, ಸರಕಾರಿ ಶಾಲೆ, ಕೊಠಡಿ 3." ಚುಕ್ಕೆ, ಜಾಗ ಎಲ್ಲಾ ಸೇರಿ 66. ಬೇಕಾದ್ದೆಲ್ಲಾ ಇದೆ, ಇನ್ನೂ ನಾಲ್ಕು ಉಳಿದಿವೆ.

ಅಮೆರಿಕದ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಲು ಅಡ್ಡ ಬರುವುದು ನಮ್ಮ ಕಾಯ್ದೆ. ಅಲ್ಲಿ ಪರೀಕ್ಷೆಯ ಮೆಸೇಜ್ ಹೋಗಿದ್ದು ಹಿಂದಿನ ದಿನ. ನಮ್ಮಲ್ಲಿ ಮತದಾನ ಮುಗಿಯುವ ಹೊತ್ತಿಗೆ 48 ತಾಸು ಮೊದಲೇ ಬಹಿರಂಗ ಪ್ರಚಾರ ಬಂದ್, ರಾಜಕೀಯದ ಬಲ್ಕ್ ಎಸ್ಎಂಎಸ್ ಕೂಡ ಬಂದ್. ಅದಕ್ಕೂ ಮೊದಲು ಕಳಿಸುವ ಬಲ್ಕ್ ಮೆಸೇಜನ್ನು ಚುನಾವಣಾ ಆಯೋಗದ ಮಾಧ್ಯಮ ಸಮಿತಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಅಂದರೆ ಮೆಸೇಜಿಗೆ ಬೆಲೆ ಬರುವ ಹೊತ್ತಿನಲ್ಲಿ ಪಕ್ಷದವರು ಬಾಯಿ ಮುಚ್ಚಿಕೊಂಡು ಇರಬೇಕು. ಇದು ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಕೊನೆಯ ದಿನದ ನೆನಪು ಮಾಡುವ ಕೆಲಸ ಆಗ ಜಿಲ್ಲಾಡಳಿತದ ಮೇಲೆ, ನಮ್ಮ ನಿಮ್ಮ ಮೇಲೆ ಬೀಳುತ್ತದೆ. "ಹಾಕಿ ಬಂದ್ಯಾ?" ಅಂತ ತಮ್ಮನಿಗೆ ಅಕ್ಕ ಮೆಸೇಜ್ ಮಾಡಿದರೆ ಅದನ್ನು ತಡೆಯುವ ಕಾಯ್ದೆ ಯಾವುದೂ ಇಲ್ಲ.

ಆ ಪ್ರಶ್ನೆಯನ್ನು ಇನ್ನೂ ಸ್ವಲ್ಪ ಚೊಕ್ಕ ಮಾಡಬಹುದು. 2008ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡೇವಿಡ್ ನಿಕರ್ಸನ್ ಮತ್ತು ಟಾಡ್ ರೋಜರ್ಸ್ ಅನ್ನುವವರು ಮತದಾರರಿಗೆ ಫೋನ್ ಮಾಡಿಸಿ ಮೂರು ಪ್ರಶ್ನೆ ಕೇಳಿಸಿದರು. ಎಷ್ಟು ಗಂಟೆಗೆ ಹೋಗುತ್ತೀರಿ, ಎಲ್ಲಿಂದ ಹೋಗುತ್ತೀರಿ, ಅದಕ್ಕೂ ಮೊದಲು ಏನು ಮಾಡುತ್ತಿರುತ್ತೀರಿ. ಇಷ್ಟಕ್ಕೇ ಮತದಾನ ಸುಮಾರು 4 ಪರ್ಸೆಂಟ್ ಏರಿತು. ಮನೆಯಲ್ಲಿ ಒಬ್ಬನೇ ಮತದಾರ ಇದ್ದ ಕಡೆ 9 ಏರಿತು. ಯಾಕೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ನಾಲ್ಕು ಜನ ಇದ್ದ ಮನೆಯಲ್ಲಿ ಬೆಳಿಗ್ಗೆ ಚಹಾ ಕುಡಿಯುವಾಗಲೇ ಯಾರು ಯಾವಾಗ ಹೋಗುವುದು ಅಂತ ಮಾತಾಗಿರುತ್ತದೆ. ಒಬ್ಬನೇ ಇರುವವನಿಗೆ ಕೇಳುವವರು ಯಾರೂ ಇಲ್ಲ.

ಒಬ್ಬೊಬ್ಬರೇ ಇರುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಧಾರವಾಡದ ಸಪ್ತಾಪುರಕ್ಕೆ ಹೋಗಿ. ಒಂದು ಬೀದಿಗೆ ನಾಲ್ಕು ಕೋಚಿಂಗ್ ಸೆಂಟರ್, ಅವುಗಳ ಮೇಲೆ ಕೆಳಗೆ ಪಿಜಿ, ಝೆರಾಕ್ಸ್ ಅಂಗಡಿ, ಮೆಸ್. ಗದಗ, ಕೊಪ್ಪಳ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ರೂಮು ಹಿಡಿದು, ಸಂವಿಧಾನದ ವಿಧಿಗಳನ್ನು ನಂಬರು ಸಮೇತ ಬಾಯಿಪಾಠ ಮಾಡುವ ಹುಡುಗ ಹುಡುಗಿಯರು. ಓಟಿನ ಬಗ್ಗೆ ಅವರಿಗೆ ಗೊತ್ತಿಲ್ಲದ್ದೇನಿಲ್ಲ. ಆದರೆ ಓಟು ಇರುವುದು ಊರಿನಲ್ಲಿ. ಇವರಿಗೆ ಹಿಂದಿನ ರಾತ್ರಿ ಮೆಸೇಜ್ ಬಂದರೆ ಸುಮ್ನೆ ಬಂದ ಹಾಗೆ, ಬಸ್ಸಿನಲ್ಲಿ ಸೀಟಿರುವುದಿಲ್ಲ. ಗೋವಾಕ್ಕೆ, ಬೆಂಗಳೂರಿಗೆ ದುಡಿಯಲು ಹೋದವರದ್ದೂ ಇದೇ ಪಾಡು. ಅವರಿಗೆ ಹತ್ತು ದಿನ ಮೊದಲೇ ಬರೆಯಬೇಕು, ಅದೂ ಮನೆಯವರೇ ಬರೆಯಬೇಕು: ಯಾವ ಬಸ್ಸಿಗೆ ಬರ್ತೀಯಾ, ಟಿಕೆಟ್ ತೆಗೆದ್ಯಾ, ರಜೆ ಹೇಳಿದ್ಯಾ? ಮತದಾನದ ದಿನ ಸಂಬಳ ಕತ್ತರಿಸದೆ ರಜೆ ಕೊಡಬೇಕು ಅಂತ ಕಾಯ್ದೆಯೇ ಇದೆ, ಜನಪ್ರತಿನಿಧಿ ಕಾಯ್ದೆಯ 135ಬಿ. ಅದನ್ನೂ ಒಂದು ಸಾಲು ಸೇರಿಸಿ, ಮಾಲೀಕರಿಗೆ ತೋರಿಸಲು ಬೇಕಾಗುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಮೆಸೇಜನ್ನು ನಂಬಿ ಜನ ಬೂತಿಗೆ ಹೋಗುತ್ತಾರೆ ಅಂದಮೇಲೆ, ಮೆಸೇಜ್ ಕಳಿಸಿ ಅವರನ್ನು ದಾರಿ ತಪ್ಪಿಸುವುದೂ ಸುಲಭ. ಬೂತ್ ಬದಲಾಗಿದೆ, ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲ, ಈ ಲಿಂಕ್ ಒತ್ತಿ ಅಂತ ಬಂದರೆ ಒತ್ತಬೇಡಿ. 2025ರಿಂದ ಸರ್ಕಾರಿ ಮೆಸೇಜಿನಲ್ಲಿ ಕಳಿಸಿದವರ ಹೆಸರಿನ ತುದಿಗೆ ಒಂದು ಗೆರೆ ಎಳೆದು ಇಂಗ್ಲಿಷಿನ ಜಿ ಅಕ್ಷರ ಇರುತ್ತದೆ, ಜಾಹೀರಾತಿನದ್ದಾದರೆ ಪಿ. ಅದನ್ನು ನೋಡಿ. ಆಗಲೂ ಅನುಮಾನ ಇದ್ದರೆ 1950ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ. ವೋಟರ್ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಕರೆ ಮಾಡಿ, ಅದರ ಮೇಲಿನ ನಂಬರು ಕೇಳುತ್ತಾರೆ.

ನಮಸ್ಕಾರ.