ಕೂಸಿನ ಕತ್ತು ಒಂದೇ ಕಡೆ ವಾಲಿದಾಗ

ಕೇಳುಗರಿಗೆ ನಮಸ್ಕಾರ.

ಹುಟ್ಟಿ ಮೂರು ನಾಲ್ಕು ವಾರವಾದ ಕೂಸು ಸದಾ ಎಡಗಡೆಗೇ ಮುಖ ಮಾಡಿ ಮಲಗುತ್ತದೆ, ತಲೆ ಮಾತ್ರ ಬಲ ಹೆಗಲ ಕಡೆಗೆ ವಾಲಿರುತ್ತದೆ, ಒಂದು ಎದೆಯಲ್ಲಿ ನೆಮ್ಮದಿಯಾಗಿ ಹಾಲು ಕುಡಿದು ಇನ್ನೊಂದಕ್ಕೆ ಹಾಕಿದೊಡನೆ ರಚ್ಚೆ ಹಿಡಿಯುತ್ತದೆ ಎಂದು ಬಾಣಂತಿ ಹೇಳಿದರೆ, ಮನೆಯ ಹಿರಿಯರು ‘ಬೆಳೀತಾ ಬೆಳೀತಾ ಸರಿಹೋಗುತ್ತೆ ಬಿಡಮ್ಮ’ ಎಂದು ಸಮಾಧಾನ ಮಾಡುವುದುಂಟು. ಈ ಒಂದು ಲಕ್ಷಣದ ಮಟ್ಟಿಗೆ ಆ ಸಮಾಧಾನವನ್ನು ನಂಬಿ ಕೂರಬೇಡಿ ಎಂದು ಕೇಳಿಕೊಳ್ಳುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಕಿವಿಯ ಹಿಂದಿನಿಂದ ಓರೆಯಾಗಿ ಎದೆಯ ಮೂಳೆಯವರೆಗೆ ಇಳಿಯುವ ಕತ್ತಿನ ಸ್ನಾಯು ಒಂದು ಬದಿಯಲ್ಲಿ ಮೊಟಕಾಗಿ ಬಿಗಿದುಕೊಂಡಾಗ ತಲೆ ಆ ಬದಿಗೆ ವಾಲುತ್ತದೆ, ಗದ್ದ ಎದುರು ಬದಿಗೆ ತಿರುಗುತ್ತದೆ. ವೈದ್ಯರು ಇದನ್ನು ಟಾರ್ಟಿಕಾಲಿಸ್ ಎನ್ನುತ್ತಾರೆ. ಗರ್ಭದಲ್ಲಿ ಜಾಗ ಇಕ್ಕಟ್ಟಾಗಿದ್ದ ಕೂಸುಗಳಲ್ಲಿ, ಕಾಲು ಮುಂದಾಗಿದ್ದ ಕೂಸುಗಳಲ್ಲಿ, ಹೆರಿಗೆ ಕಷ್ಟವಾದಾಗ ಇದು ಹೆಚ್ಚಾಗಿ ಕಾಣುತ್ತದೆ. ಕೆಲವು ಕೂಸುಗಳಲ್ಲಿ ಮೊದಲ ವಾರಗಳಲ್ಲಿ ಆ ಸ್ನಾಯುವಿನಲ್ಲಿ ಗಟ್ಟಿಯಾದ ಗಂಟೊಂದು ಕೈಗೆ ಸಿಗುತ್ತದೆ. ಕೆಲವು ತಿಂಗಳಲ್ಲಿ ಅದು ಕರಗಿದರೂ ಬಿಗಿತ ಉಳಿದಿರಬಹುದು. ವಾಲಿದ ಬದಿಯ ಮಡಿಕೆಯಲ್ಲಿ ಹಾಲು, ಬೆವರು ನಿಂತು ಚರ್ಮ ಕೆಂಪಾಗುವುದನ್ನು ಸ್ನಾನ ಮಾಡಿಸುವವರು ಎಲ್ಲರಿಗಿಂತ ಮೊದಲು ಗಮನಿಸುತ್ತಾರೆ.

ಒಂದೇ ಮಗ್ಗುಲಿಗೆ ಭಾರ ಬಿದ್ದು ಎಳೆಯ ತಲೆಬುರುಡೆ ಅಲ್ಲಿ ಚಪ್ಪಟೆಯಾಗುತ್ತದೆ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿಯ ಮೇಲಿನಿಂದ ನೋಡಿದರೆ ಚಪ್ಪಟೆಯಾದ ಬದಿಯ ಕಿವಿ ತುಸು ಮುಂದಕ್ಕೆ ಸರಿದಂತೆ ಕಾಣುತ್ತದೆ. ಇದಕ್ಕೆ ನಮ್ಮಲ್ಲಿ ಸಾಸಿವೆ ದಿಂಬು ಇಡುತ್ತಾರೆ, ನೀರು ಹಾಕುವಾಗ ತಲೆ ಒತ್ತುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಎರಡೂ ಕತ್ತಿನ ಬಿಗಿತವನ್ನು ಸಡಿಲಿಸುವುದಿಲ್ಲ. ಮಲಗುವ ಕೂಸಿನ ಬಳಿ ದಿಂಬು ಇಡುವುದು ಉಸಿರಾಟಕ್ಕೂ ಅಪಾಯ.

ಮಾಡಬೇಕಾದದ್ದು ಬೇರೆ. ಕಣ್ಣಿನ ಅಥವಾ ಕತ್ತಿನ ಮೂಳೆಯ ದೋಷದಿಂದಲೂ ತಲೆ ವಾಲಬಹುದಾದ್ದರಿಂದ ಮೊದಲು ಮಕ್ಕಳ ವೈದ್ಯರಿಗೆ ತೋರಿಸಬೇಕು. ಇಂಥ ಕೆಲವು ಮಕ್ಕಳಲ್ಲಿ ಸೊಂಟದ ಕೀಲೂ ಸಡಿಲವಿರುವುದರಿಂದ ಅದನ್ನೂ ಪರೀಕ್ಷಿಸುತ್ತಾರೆ. ಅನಂತರ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ, ಬಲವಂತವಿಲ್ಲದೆ, ದಿನಕ್ಕೆ ಹಲವು ಬಾರಿ ಸ್ನಾಯುವನ್ನು ಹಿಗ್ಗಿಸಬೇಕು. ಕೂಸು ನೋಡಲು ಒಲ್ಲದ ಕಡೆಯಿಂದಲೇ ಅದನ್ನು ಮಾತಾಡಿಸಬೇಕು, ಗಿಲಕಿ ಆಡಿಸಬೇಕು, ಬೆಳಕೂ ಬಾಗಿಲೂ ಆ ಬದಿಗೆ ಬರುವಂತೆ ಮಲಗಿಸಬೇಕು. ಮೊದಲ ಮೂರು ತಿಂಗಳೊಳಗೆ ಆರಂಭಿಸಿದರೆ ಬಹುಪಾಲು ಮಕ್ಕಳು ಶಸ್ತ್ರಚಿಕಿತ್ಸೆಯ ಹಂಗಿಲ್ಲದೆ ಸರಿಹೋಗುತ್ತಾರೆ. ತಡವಾದಷ್ಟೂ ಚಿಕಿತ್ಸೆ ದೀರ್ಘವಾಗುತ್ತದೆ.

ನಿದ್ದೆಗೆ ಅಂಗಾತ ಮಲಗಿಸುವುದೇ ಸುರಕ್ಷಿತ, ಅದನ್ನು ಬದಲಿಸಬಾರದು. ಆದರೆ ಎಚ್ಚರವಿರುವಾಗ, ದೊಡ್ಡವರು ಪಕ್ಕದಲ್ಲಿದ್ದು, ಬೋರಲು ಮಲಗಿಸಿ ಆಡಿಸಬೇಕು. ಇನ್ನೂ ಹರಿದಾಡದ ಕೂಸುಗಳಿಗೆ ಇದು ದಿನವಿಡೀ ಸೇರಿ ಕನಿಷ್ಠ 30 ನಿಮಿಷವಾದರೂ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕತ್ತು ನಿಲ್ಲುವುದಕ್ಕೂ ಮುಂದೆ ಮಗುಚಿಕೊಳ್ಳುವುದಕ್ಕೂ ಬೇಕಾದ ಬಲ ಬೆಳೆಯುವುದು ಈ ಆಟದಲ್ಲಿ.

ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತೆಂದು ಕಂಗಾಲಾಗುವ ತಾಯಂದಿರಿಗೆ ಮಾತ್ರ ಧೈರ್ಯ ಹೇಳಲೇಬೇಕು. ದೆಹಲಿಯ ಮಕ್ಕಳೂ ಸೇರಿದಂತೆ ಐದು ದೇಶಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅದೇ ಸಂಸ್ಥೆಯ ಅಧ್ಯಯನದಲ್ಲಿ, ಆರೋಗ್ಯವಂತ ಮಕ್ಕಳು ಸ್ವತಂತ್ರವಾಗಿ ನಡೆಯತೊಡಗಿದ ವಯಸ್ಸು ಸುಮಾರು 8ರಿಂದ 18 ತಿಂಗಳವರೆಗೆ ಹರಡಿತ್ತು. ಕೆಲವರು ಅಂಬೆಗಾಲಿಕ್ಕದೆಯೇ ನಡೆದರು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ವಯಸ್ಸನ್ನಂತೂ ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು. ತಿಂಗಳುಗಳ ಲೆಕ್ಕದಲ್ಲಿ ಇಷ್ಟು ಅವಕಾಶವಿದೆ. ಆದರೆ ಎಡಬಲಗಳ ವ್ಯತ್ಯಾಸಕ್ಕೆ ಅಂಥ ಅವಕಾಶವಿಲ್ಲ. ಒಂದೇ ಕೈ ಆಡಿಸುವ, ಒಂದೇ ಕಡೆಗೆ ತಿರುಗುವ, ಒಂದು ತೊಡೆ ಸರಿಯಾಗಿ ಅಗಲವಾಗದ ಕೂಸನ್ನು ಎಷ್ಟೇ ಎಳೆಯದಾದರೂ ತೋರಿಸಬೇಕು.

ಒಂದೂವರೆ ತಿಂಗಳ ಲಸಿಕೆಗೆ ಹೇಗೂ ಕೂಸನ್ನು ಕರೆದೊಯ್ಯುತ್ತೀರಿ. ಅಂದೇ ಅದರ ಕತ್ತನ್ನು ಎರಡೂ ಕಡೆ ತಿರುಗಿಸಿ ನೋಡುವಂತೆ, ಸೊಂಟದ ಕೀಲನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ನಮಸ್ಕಾರ.